ಅಂಗೈ ಅಗಲದ ನಾಯಿ

ಮಗಳು ಮೊಬೈಲಿನಾಗ ತೋರಿಸಿದ್ಲು:
ಚಹಾದ ಕಪ್ಪಿನಾಗ ಕುಂತ ನಾಯಿಮರಿ,
ಕಿವಿಗೆ ರಿಬ್ಬನ್ನು.
"ಇಷ್ಟೇ ಇರತೈತಿ ಅವ್ವಾ, ಬೆಳಿಯೂದೇ ಇಲ್ಲ."
ಬೆಳಿಯದ್ದು ಯಾವುದೈತಿ ಈ ಮನ್ಯಾಗ,
ನಿನ್ನ ಚಪ್ಪಲಿ ನಂಬರ ನೋಡು, ಅಂದೆ.
ನಕ್ಕಳು. ನಾ ಸೋತೆ.

ಲೋಕಾಪುರದಿಂದ ಯಮನಪ್ಪ ಮಾವನ್ನ ಕರೆಸಿದೆ.
ಮುಧೋಳದ ನಾಯಿ ಸಾಕಿ ಸಾಕಿ ಹಣ್ಣಾದ ಜೀವ;
ಮೊಲದ ಹಿಂದ ಓಡೂ ಕಾಲಿನ ಎಲಬು
ಕತ್ತಲದಾಗ ಮುಟ್ಟಿ ಹೇಳತಿದ್ದ, ಇದು ಯಾರ ಮಗ ಅಂತ.
ನವನಗರದ ಸೆಕ್ಟರ್ ನಂಬರ ಮಾತ್ರ ಅವಗ ಹತ್ತೂದಿಲ್ಲ.
"ಇಲ್ಲಿ ಓಣಿಗೆ ಹೆಸರಿಲ್ಲೇನ?"
ಮೂರು ಸಲ ಕೇಳಿದ, ಆಟೋದಾಗ.

ಎರಡನೇ ಮಹಡಿ. ಬಾಗಿಲ ತೆಗೆದ ಹುಡುಗ
ನಗತಾ ಡಬ್ಬಿ ಬಿಚ್ಚಿದ,
ಮಿಕ್ಸರ್ ಬಂದಿದ್ದ ರಟ್ಟಿನ ಡಬ್ಬಿ,
ಒಳಗ ನಾಕು ಹತ್ತಿ ಉಂಡಿ.
"ಟೀಕಪ್ ಐತ್ರಿ, ಟಾಯ್ ಐತ್ರಿ,
ಹದಿನೆಂಟು ಸಾವಿರ. ನಿಮಗಂತ ಹದಿನೈದು."
ಮಗಳ ಕೈ ಆಗಲೇ ಡಬ್ಬಿಯೊಳಗ.

ಮಾವ ಮರಿ ನೋಡಲಿಲ್ಲ.
ಟೊಪಗಿ ತೆಗೆದು ತೊಡಿ ಮ್ಯಾಲ ಇಟಗೊಂಡು ಕೇಳಿದ:
"ಇದರವ್ವ ಎಲ್ಲೈತಿ?"
"ಇಲ್ಲಿಲ್ರಿ... ಬೆಳಗಾವಿಗೆ ಹೋಗೈತಿ."
"ಯಾವ ಬಸ್ಸಿಗೆ?"
ನಾ ಕಂಡಕ್ಟರು; ನಗು ತಡಕೊಂಡೆ.
ಆಗ ಬಚ್ಚಲದಾಗ ಏನೋ ಬಾಗಿಲ ಕೆರದಂಗಾತು.

ಹೊರಗ ಬಂತು. ಮೊಲಿ ಜೋತು ನೆಲ ಒರಸತಿದ್ದವು.
ಬೆನ್ನ ಮ್ಯಾಲ ರೂಪಾಯಿ ಅಗಲ ಕೂದಲಿಲ್ಲದ ಜಾಗ ಎರಡು.
ಈದು ಈದು ಸವದಿತ್ತು, ಹಳೇ ಸಾಬೂನಿನಂಗ.
ಡಬ್ಬೀನ ಮೂಸಲಿಲ್ಲ ಅದು.
ಮಾವನ ಪಾದದ ಮ್ಯಾಲ ಕುಂತು ನಡಗಿತು.
ಮಾವ ತುಟಿ ಎತ್ತಿ ಒಸಡು ನೋಡಿದ, ಬಿಳೀ.
ಆಮೇಲೆ ಮರಿ ಬಾಯಿಗೆ ಬೆರಳು ಇಟ್ಟ.
"ಎಷ್ಟು ದಿನದ್ದು?"
"ನಲವತ್ತೈದ್ರಿ."
"ಹಲ್ಲು ಈಗ ಮೂಡಾಕತ್ತಾವು. ಮೂವತ್ತು ದಾಟಿಲ್ಲ, ತಮ್ಮಾ."

ಬರಿಗೈಲೆ ಇಳದ್ವಿ.
ಮಗಳು ನಾಕು ದಿನ ನನ್ನ ಜೋಡಿ ಮಾತು ಬಿಟ್ಟಳು,
ಮಾವನ ಜೋಡಿ ಆಡಿದ್ಲು, ಅದೂ ಜಗಳ:
"ನಾವು ತರದಿದ್ರ ಅದು ಅಲ್ಲೇ ಸಾಯತೈತಿ. ಪಾಪ ಅಲ್ಲೇನು?"
ಮಾವ ಭಾಳ ಹೊತ್ತು ಅಡಿಕಿ ಕತ್ತರಿಸಿದ.
"ಪಾಪ ಖರೇ. ಆದ್ರ ನೀ ಕೊಡೂ ಹದಿನೈದು ಸಾವಿರ
ಆ ಬಚ್ಚಲದ ಬಾಗಿಲಕ್ಕ ಚಿಲಕ ಆಗತೈತಿ."
ಖರೇ ಅನಸ್ತು. ಪೂರಾ ಸಮಾಧಾನ ಆಗಲಿಲ್ಲ, ಇವತ್ತಿಗೂ.
ಒಮ್ಮೊಮ್ಮೆ ರಾತ್ರಿ ಆ ನಡುಕ ನನ್ನ ಪಾದಕ್ಕ ಬರತೈತಿ.

ವಿದ್ಯಾಗಿರಿಯ ನೀಲಗಂಗಾ ಟೀಚರ ಮನ್ಯಾಗ
ಅವ್ವ ನಾಯಿನ ಮೊದಲ ಬಾಗಿಲಿಗೆ ಬಂತು, ಬೈತು.
ಮರಿ ಮೂರು, ಮಂಚದ ಕೆಳಗ, ಒಂದರ ಕಿವಿ ಇನ್ನೊಂದರ ಬಾಯಾಗ.
ನಾವು ಕೇಳೂ ಮೊದಲ ಟೀಚರು ಕೇಳಿದ್ರು:
"ಮಧ್ಯಾಹ್ನ ಮನ್ಯಾಗ ಯಾರಿರತೀರಿ?
ದಿನಕ್ಕ ನಾಕು ಸಲ ತಿನಸಬೇಕು. ಒಂದು ಹೊತ್ತು ತಪ್ಪಿದ್ರ
ಸಕ್ಕರಿ ಇಳದು ಕೈಯಾಗ ತಣ್ಣಗಾಗತಾವು.
ಸೋಫಾದಿಂದ ಜಿಗದ್ರ ಕಾಲು ಮುರಿತೈತಿ.
ಹದಿನಾಕು ವರ್ಷ ಬದುಕತೈತಿ.
ಈ ಹುಡುಗಿ ಲಗ್ನಾಗಿ ಹೋದ ಮ್ಯಾಲ ಅದು ಯಾರದು?"

ಹತ್ತೊಂಬತ್ತು ವರ್ಷ ನಾನೇ ಕೇಳೀನಿ ಎಲ್ಲಾರನ್ನೂ, "ಎಲ್ಲಿಗೆ?" ಅಂತ.
ಅವತ್ತು ಟಿಕೆಟ್ ಇಲ್ಲದ ಪ್ಯಾಸೆಂಜರಿನಂಗ ನಿಂತೆ.
ಬೆಳಗಿನ ಐದೂವರಿ ಜಮಖಂಡಿ ಗಾಡಿ ನಂದು.
ಮಧ್ಯಾಹ್ನ ಮನ್ಯಾಗ ಒಂದು ಹಲ್ಲಿ, ನೀರಿನ ಕೊಡ.
"ಯಾರೂ ಇರೂದಿಲ್ರಿ," ಅಂದೆ.
ಮಗಳು ಸೆರಗು ಜಗ್ಗಿದ್ಲು.
ಮಾವ ಮಾತ್ರ ಒಳ್ಳೇ ತಳಿ ಕಂಡವರಂಗ ಟೀಚರನ್ನ ನೋಡಿದ.
"ಹಂಗಾದ್ರ ಈಗ ಕೊಡೂದಿಲ್ಲ. ಚಹಾ ಕುಡೀರಿ.
ಅರವತ್ತು ದಿನ ತುಂಬೂತನ ಟೈಮ್ ಐತಿ, ನನಗೂ, ನಿಮಗೂ."

ಡಿಪೋದಾಗ ಡ್ಯೂಟಿ ಬದಲಿ ಅರ್ಜಿ ಬರದೆ.
ಕಾರಣ ಅನ್ನೂ ಗೆರಿ ಮ್ಯಾಲ ಪೆನ್ನು ನಿಂತಿತು.
ಕಡೀಕ ಬರದೆ: ಮನೆಯಲ್ಲಿ ಚಿಕ್ಕದೊಂದು ಬರುವುದಿದೆ.
ಕ್ಲಾರ್ಕ್ ಕಾಂತೇಶ ಎರಡು ಸಲ ಓದಿದ,
ನನ್ನ ನಲವತ್ತಾರರ ಹೊಟ್ಟಿ ಒಮ್ಮೆ ನೋಡಿದ,
ಡ್ರಾದಿಂದ ಅಮೀನಗಡದ ಕರದಂಟು ತೆಗೆದು ಸರಿಸಿದ.
"ತಿನ್ರಿ ಅಕ್ಕಾರ. ಅಂಟು ಐತಿ, ಟೊಂಕಕ್ಕ ಛಲೋ."
ತಿಂದೆ.