ತಿಥಿಯಿಲ್ಲದವರು

ಅತಿಥಿ ಎಂದರೆ ತಿಥಿ ಇಲ್ಲದವನು,
ಯಾವತ್ತು ಬರುತ್ತಾನೆಂದು ಹೇಳಲಾಗದವನು.
ಮೊದಲ ಸೆಮಿಸ್ಟರಿನ ವ್ಯುತ್ಪತ್ತಿ ಪಾಠದಲ್ಲಿ
ಹದಿಮೂರು ವರ್ಷದಿಂದ ಹೇಳಿಕೊಡುವ ಸಾಲು.
ಈಚೆಗೆ ಅಲ್ಲಿ ಬಂದಾಗ ನಾಲಗೆ ತಡವರಿಸುತ್ತದೆ:
ತಿಥಿ ಇಲ್ಲದ್ದು ನನಗಲ್ಲ, ನನ್ನ ಸಂಬಳಕ್ಕೆ.

ಮಂಗಳೂರು ಸ್ಟೇಟ್‌ಬ್ಯಾಂಕಿನಿಂದ ತುಂಬಿಯೇ ಬರುವ ಬಸ್ಸು,
ತೊಕ್ಕೊಟ್ಟಿನಲ್ಲಿ ಹತ್ತಿದರೆ ಗುಡ್ಡದವರೆಗೆ ನಿಂತೇ.
ಕಂಡಕ್ಟರ್ ನವಾಝ್ ಟಿಕೆಟ್ ಕೇಳುವ ಮೊದಲು
"ಮೇಡಂ, ಬಂತಾ?" ಅನ್ನುತ್ತಾನೆ.
ಐದು ತಿಂಗಳಾಯಿತು. ಬಂದಿಲ್ಲ.

ಅಮ್ಮ ಬೀಡಿ ಕಟ್ಟಿದವಳು; ಮಡಿಲಲ್ಲಿ ತಡ್ಪೆ,
ಸಾವಿರಕ್ಕೆ ಇಷ್ಟು ಎಂಬ ಲೆಕ್ಕ.
ಬ್ರಾಂಚಿನವ ಹಿಡಿಹಿಡಿಯಾಗಿ ತೆಗೆದು ಬದಿಗೆ ಎಸೆದದ್ದು
ಕೆಟ್ಟ ಬೀಡಿ, ಅದಕ್ಕೆ ಕೂಲಿಯಿಲ್ಲ.
ನನಗೆ ಗಂಟೆಗೆ ಇಷ್ಟು.
ಉತ್ತರಪತ್ರಿಕೆ ತಿದ್ದಿದ ರಾತ್ರಿಗಳು,
ನ್ಯಾಕ್ ತಂಡ ಬರುವ ಮುಂಚೆ
ಹೂಕುಂಡಕ್ಕೆ ಕೆಮ್ಮಣ್ಣು ಬಳಿದ ಭಾನುವಾರಗಳು,
ಎಲ್ಲ ಬದಿಗೆ ಎಸೆದದ್ದು.
"ಹಾಗಾದರೆ ನೀನೂ ಬೀಡಿಯೇ ಕಟ್ಟುವುದು ಮಗಾ,
ಎಲೆ ಮಾತ್ರ ಬೇರೆ," ಅಂದಳು, ನಗದೆ.

ಮೇ ತಿಂಗಳಲ್ಲಿ ನಮ್ಮನ್ನು ಬಿಡುಗಡೆ ಮಾಡುತ್ತಾರೆ.
ಪತ್ರದಲ್ಲಿ ಹಾಗೇ ಇರುತ್ತದೆ: ಬಿಡುಗಡೆ.
ಜೈಲಿನಿಂದ ಎಂಬಂತೆ.
ಜುಲೈಯಲ್ಲಿ ಮತ್ತೆ ಸಂದರ್ಶನ,
ಅದೇ ಮೇಜು, "ನಿಮ್ಮ ಬಗ್ಗೆ ಹೇಳಿ."
ಹದಿಮೂರು ಸಲ ನನ್ನ ಬಗ್ಗೆ ಹೇಳಿದ್ದೇನೆ.
ಕಳೆದ ಸಲ ಮೇಜಿನ ಆಚೆ ಕೂತವ
ನನ್ನದೇ ವಿದ್ಯಾರ್ಥಿ. ತಲೆ ಎತ್ತಲಿಲ್ಲ ಪಾಪ.

ಸಂಘ ಕಟ್ಟುವ ಅಂತ ಮೊದಲು ಅಂದದ್ದು ನಾನಲ್ಲ,
ಗ್ರಂಥಾಲಯದ ಐರಿನ್ ಮೊಂತೇರೊ,
ಗುತ್ತಿಗೆಯಲ್ಲೇ ಇಪ್ಪತ್ತೆರಡು ವರ್ಷ
ಪುಸ್ತಕದ ಬೆನ್ನಿಗೆ ನಂಬರು ಅಂಟಿಸಿದವಳು.
ಕ್ಯಾಂಟೀನಿನ ಹಿಂದೆ ಗೋಳಿಮರದ ಅಡಿ
ಹನ್ನೊಂದು ಜನ. ಕಸ ಗುಡಿಸುವ ಅಪ್ಪಿ ದೂರ ನಿಂತಿದ್ದಳು.
ಡಾಕ್ಟರೇಟ್ ಇದ್ದ ಒಬ್ಬರು ಮೆಲ್ಲ ಕೇಳಿದರು:
"ಅವರನ್ನೂ ಸೇರಿಸುವುದಾ?"
ನಾನು ಸುಮ್ಮನಿದ್ದೆ. ಅದನ್ನು ಇಲ್ಲಿ ಬರೆದಿಡಬೇಕು.
ಅಪ್ಪಿಯೇ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ
ಐವತ್ತರ ನೋಟು ನೀಡಿ "ರಶೀದಿ ಕೊಡಿ" ಅಂದಳು.
ರಶೀದಿ ಪುಸ್ತಕ ಅಚ್ಚಾಗಿರಲಿಲ್ಲ.
ನೋಟ್ಸಿನ ಹಾಳೆಯ ಹಿಂದೆ ಬರೆದುಕೊಟ್ಟೆ:
ಸದಸ್ಯ ಸಂಖ್ಯೆ ಒಂದು.

ದುಡಿಮೆ ಮತ್ತು ಹೆಚ್ಚುವರಿ ಮೌಲ್ಯದ ಬಗ್ಗೆ ಪುಸ್ತಕ ಬರೆದ
ಧರ್ಣಪ್ಪ ಸರ್, ಖಾಯಂ ಕೋಣೆಯ ಬಾಗಿಲು ಅರ್ಧ ಮುಚ್ಚಿ
"ಬೆಂಬಲ ಇದೆ, ಸಹಿ ಮಾತ್ರ ಬೇಡ" ಅಂದರು.
ಚಹಾ ತರಿಸಿದರು. ಕುಡಿದೆವು. ಚಹಾ ಚೆನ್ನಾಗಿತ್ತು.

ಧರಣಿಯ ಹಿಂದಿನ ರಾತ್ರಿ ಅಮ್ಮ ಹೇಳಿದ್ದು ಇಷ್ಟೆ:
ಕುರ್ಚಿ ತರಿಸಬೇಡಿ, ಕುರ್ಚಿಯಲ್ಲಿ ಕೂತವರು ಬೇಗ ಏಳುತ್ತಾರೆ.
ಚಾಪೆ ಹಾಕಿ. ಬೆಲ್ಲ ನೀರು ಇಟ್ಟುಕೊಳ್ಳಿ.
ಒಬ್ಬರನ್ನೇ ಒಳಗೆ ಕರೆದರೆ ಹೋಗಬೇಡಿ,
ನಾವು ಕಲ್ಯಾಣಿಯನ್ನು ಕಳಕೊಂಡದ್ದು ಹಾಗೆಯೇ.
ಕಲ್ಯಾಣಿ ಯಾರು ಅಂತ ಕೇಳಿದೆ.
ದೀಪ ಆರಿಸಿದಳು.

ಇವತ್ತು ಒಂಬತ್ತನೆಯ ದಿನ.
ಮುರಕಲ್ಲಿನ ಬಿಸಿ ಚಾಪೆ ದಾಟಿ ಏರುತ್ತಿದೆ.
ಮಧ್ಯಾಹ್ನ ಜವಾನ ಬಂದು "ಒಬ್ಬರು ಬರಬೇಕಂತೆ" ಅಂದ.
ಯಾರೂ ಏಳಲಿಲ್ಲ. ಇನ್ನೊಮ್ಮೆ ಅಂದ,
ಆಮೇಲೆ ನಮ್ಮ ಕೊಡದಿಂದ ಒಂದು ಲೋಟ ಕುಡಿದು ಹೋದ.

ನಾಲ್ಕಕ್ಕೆ ಎರಡನೇ ವರ್ಷದ ಶಮೀನಾ,
ಆಂತರಿಕ ಅಂಕದ ಹಾಳೆ ಹಿಡಿದು.
ಇವತ್ತೇ ಕೊನೆಯ ತಾರೀಕಂತೆ. ಅದಕ್ಕೆ ತಾರೀಕು ಇದೆ.
ಮೊಣಕಾಲ ಮೇಲಿಟ್ಟು ಸಹಿ ಮಾಡಿದೆ;
ಕೆಳಗೆ 'ಹುದ್ದೆ' ಎಂಬಲ್ಲಿ ಪೆನ್ನು ನಿಂತಿತು.
ಓದು ಬಾರದ ಅಪ್ಪಿ ಬಗ್ಗಿ ನೋಡಿ ಕೇಳಿದಳು,
"ಅಲ್ಲಿ ಎಂತ ಬರೆಯಲಿಕ್ಕುಂಟು?"
"ಗೊತ್ತಿಲ್ಲ," ಅಂದೆ.
"ಹಾಗಾದರೆ ಈಚೆ ಸರಿದು ಕೂತುಕೊಳ್ಳಿ,
ನಿಮ್ಮ ಮೇಲೆ ಬಿಸಿಲು ಬಂತು."