ಏಡಿ ನಡಿಗೆ

ಜೆಪ್ಪಿನ ಇಳಿಜಾರಿನಲ್ಲಿ ನನ್ನ ಅಂಗಡಿ. ಬೋರ್ಡಿಲ್ಲ.
ಅಪ್ಪ ಬಾಗಿಲು, ದಾರಂದ ಮಾಡುತ್ತಿದ್ದರು,
ನಾನು ಸೀಳಿದ ಪಿಟೀಲುಗಳ ಹೊಟ್ಟೆ ಅಂಟಿಸುತ್ತೇನೆ.
ಸಂಗೀತ ಕಲಿತವನಲ್ಲ. ಸ ಎಲ್ಲಿ, ಪ ಎಲ್ಲಿ ಎಂದರೆ
ಮರ ಎಲ್ಲಿ ನಡುಗಿತೋ ಅಲ್ಲಿ ಎನ್ನುವವನು.

ರಿಪೇರಿಯಾದದ್ದನ್ನು ಒಯ್ಯಲು ಬಂದವರು
ಬಾಗಿಲಲ್ಲೇ ಗಲ್ಲಕ್ಕೊತ್ತಿ ಪರೀಕ್ಷೆ ಮಾಡುತ್ತಾರೆ.
ನಲವತ್ತೊಂದು ವರ್ಷ. ಎಲ್ಲರದೂ ಒಂದೇ ಮಟ್ಟು.
ಕುಲಶೇಖರದವರು ಅದಕ್ಕೆ ಕುರ್ಲಿ ಎನ್ನುತ್ತಾರೆ,
ಉಳ್ಳಾಲದ ಬ್ಯಾಂಡಿನವರು ಡೆಂಜಿ,
ಕುಂದಾಪುರದ ಒಬ್ಬ ಮಾಸ್ತರರು, ತುಸು ನಾಚಿ, ಏಡಿ ನಡಿಗೆ.
ಮುಂದೆ ಹೋಗುತ್ತೇನೆಂದು ಹೊರಟು
ಪಕ್ಕಕ್ಕೆ ಸರಿದು, ಮತ್ತೆ ಪಕ್ಕಕ್ಕೇ ಸರಿದು
ಹೇಗೋ ಮನೆ ಮುಟ್ಟುವ ಮಟ್ಟು.

ಒಂದೇ ಎಂದೆನಲ್ಲ, ಸುಳ್ಳು.
ಬೊಂದೇಲಿನದು ಮೂರನೇ ಹೆಜ್ಜೆಗೆ ಎಡವುತ್ತದೆ.
ಕಲ್ಯಾಣಪುರದಲ್ಲಿ, ಹೊಳೆ ದಾಟಿದ್ದಕ್ಕೋ ಏನೋ,
ಕೊನೆಯ ಸಾಲು ಎರಡು ಸಲ, ಒದ್ದೆಯಾಗಿ.
ಮೂಡುಬಿದಿರೆಯವರಿಗೆ ಸದಾ ಅವಸರ, ಕೊನೆಯ ಬಸ್ಸು.
ಕೊರಗಪ್ಪ ಶೇರಿಗಾರರು ಒಮ್ಮೆ ಚೀಲದಿಂದ ನಾಗಸ್ವರ ತೆಗೆದು
ಅದನ್ನೇ ಊದಿದರು, ಎಷ್ಟು ನಿಧಾನವೆಂದರೆ
ನನ್ನ ಅಂಟು ಕುಡಿಕೆಯಲ್ಲೇ ಗಟ್ಟಿಯಾಯಿತು.
"ಇದು ನಮ್ಮದು ಮಾರಾಯ, ದೀಪಾರಾಧನೆಯದು" ಎಂದರು,
ಚಹಾದ ಲೋಟ ಕೆಳಗಿಟ್ಟು.

ಎಲ್ಲಿಂದ ಬಂತು?
ಬೊನಿಫಾಸ್ ಸಿಕ್ವೇರರ ಪ್ರಕಾರ ಗೋವೆಯಿಂದ,
ಓಡಿ ಬಂದವರ ಅಕ್ಕಿಮುಡಿಯೊಳಗೆ ಅಡಗಿ.
ಲಚ್ಚಿಮಿ ಒಪ್ಪುವುದಿಲ್ಲ: ಅವಳ ಅಜ್ಜಿ ನೇಜಿ ನೆಡುತ್ತ
ಸೊಂಟ ಬಗ್ಗಿಸಿ ಹಿಂದೆ ಹಿಂದೆ ಸರಿಯುವಾಗ ಹೇಳಿದ್ದು,
ದಾರಿಹೋಕ ಪಾದ್ರಿಯೊಬ್ಬರ ಕಿವಿಗೆ ಬಿದ್ದಿರಬೇಕು.
ಹಂಚಿನ ಕಾರ್ಖಾನೆಯ ಮುದುಕರಿಗೆ
ಅದು ಜರ್ಮನ್ ದೊರೆಯ ಭಾನುವಾರದ ಕೀರ್ತನೆ,
ಆವೆಯ ಬಿಸಿಗೆ ಸ್ವಲ್ಪ ಸೊಟ್ಟಗಾದದ್ದು.
ನಾನು ಎಲ್ಲರಿಗೂ ಹೌದೆಂದೆ. ಗಿರಾಕಿಗಳು.

ಕಜೆತಾನ್ ಲೋಬೊನ ವಿಷಯ ಬೇರೆ.
ಹಂಚಿನ ಅಚ್ಚಿಗೆ ಸಿಕ್ಕಿ
ಎಡಗೈಯ ಉಂಗುರಬೆರಳು ಅರ್ಧ ಹೋದವನು.
ಅವನ ಕುರ್ಲಿಯ ನಡುವೆ ಒಂದು ಸ್ವರ ಇಲ್ಲ,
ಹಲ್ಲು ಬಿದ್ದ ನಗುವಿನ ಹಾಗೆ.
ಹತ್ತು ಬೆರಳೂ ನೆಟ್ಟಗಿರುವ ಅವನ ಶಿಷ್ಯರು
ಆ ಗುಂಡಿಯನ್ನು ಅಚ್ಚುಕಟ್ಟಾಗಿ ಹಾರುತ್ತಾರೆ.
ಈ ಕತೆ ಹೇಳಿ ಹೇಳಿ ಎಷ್ಟೋ ಜನರ ಕಣ್ಣು ತೇವ ಮಾಡಿದ್ದೆ.
ಅವನು ಸತ್ತ ಮೇಲೆ ಪೆಟ್ಟಿಗೆ ತಂದ ಸೆವ್ರಿನ್ ಬಾಯಿ
ನನ್ನ ಬಾಕಿ ಎಣಿಸಿ ಕೊಡುತ್ತ ಅಂದರು:
"ಬೆರಳು ಹೋದದ್ದು ಮದುವೆಯಾಗಿ ಆರು ವರ್ಷಕ್ಕೆ.
ನನ್ನ ಅಕ್ಕನ ರೋಸಿಗೆ ಬಂದಾಗಲೂ ಹೀಗೇ ನುಡಿಸಿದ್ದ,
ನಾನು ಅವನನ್ನು ಮೊದಲು ನೋಡಿದ್ದೇ ಅಲ್ಲಿ.
ಯಾಕೆ ಅಂತ ಕೇಳಿದರೆ, ಅಲ್ಲಿ ಏನೂ ಇಲ್ಲ, ಅಂದ."

ಡಿಸೆಂಬರಿನ ಮೂಡುಗಾಳಿಗೆ ಬಿರಡೆಗಳು ಸಡಿಲ.
ಒಬ್ಬನೇ ಇದ್ದಾಗ ನಾನೂ ಪರೀಕ್ಷಿಸುವುದುಂಟು:
ಎರಡು ಸಾಲು. ತಂತಿ ಜಾರುತ್ತದೆ. ನಿಲ್ಲಿಸಿ,
ಬಿರಡೆಗೆ ಸೀಮೆಸುಣ್ಣ ತಿಕ್ಕಿ, ಒತ್ತಿ ತಿರುಗಿಸಿ, ಮತ್ತೆ ಶುರು.

ಮೊನ್ನೆ ಮಾರ್ಗನ್ಸ್ ಗೇಟಿನ ಹುಡುಗಿ, ಜೊವಿಟಾ,
ಹೊಸ ಕಮಾನಿನ ಬೆಲೆ ಕೇಳಿ
ಬಾಗಿಲಲ್ಲಿ ನಿಂತು ನುಡಿಸಿದಳು. ಎರಡು ಸಾಲು.
ನಿಂತಳು. ತಲೆ ಬಗ್ಗಿಸಿದಳು. ಹೊರಗೆ ಒಂದು ರಿಕ್ಷಾ ಹೋಯಿತು.
ಮತ್ತೆ ಶುರು.
"ಇದು ಜೆಪ್ಪಿನ ಹಳೇ ಪಾಠ ಅಂತೆ" ಎಂದಳು,
"ನಿಮ್ಮ ಪಕ್ಕದ ಸಲೂನಿನ ಶೀನ ಮಾಮ ಕಲಿಸಿದ್ದು.
ನಿಲ್ಲುವಲ್ಲಿ, ತೀರಿಹೋದವರ ಹೆಸರು ನೆನೆಯಬೇಕಂತೆ."

ನನ್ನ ಬೆರಳಲ್ಲಿ ಇನ್ನೂ ಸೀಮೆಸುಣ್ಣ.
ಕೈ ಬೆನ್ನ ಹಿಂದೆ ಇಟ್ಟುಕೊಂಡೇ
ಕಮಾನಿಗೆ ಇನ್ನೂರೈವತ್ತು ಕಡಿಮೆ ಮಾಡಿದೆ.

ರಾತ್ರಿ ಬಿರಡೆ ಜಾರಲಿಲ್ಲ.
ಆದರೂ ಅಲ್ಲಿ ನಿಂತೆ. ಪಕ್ಕದ ಸಲೂನಿನಲ್ಲಿ
ಕತ್ತರಿಯ ಸದ್ದೂ ನಿಂತಿತು.