ಪಚ್ಚಿಲೆಯ ಗಡ್ಡ

ರಾಯಧನ ಹಂಚಿಕೆ ಫಾರ್ಮಿನ ಆರನೇ ಕಾಲಮ್ಮು ಇನ್ನೂ ಖಾಲಿ:
ಆವಿಷ್ಕಾರಕರ ಹೆಸರು, ಎದುರಿಗೆ ಶೇಕಡಾ ಪಾಲು.
ಒಟ್ಟು ನೂರಾಗಬೇಕು, ನೂರೊಂದಾದರೆ ವಾಪಸು
ಎಂದು ಪೇಟೆಂಟ್ ಸೆಲ್ಲಿನ ಪುಷ್ಪಲತಾ ಮೇಡಂ
ಪೆನ್ಸಿಲಿನಲ್ಲಿ ಗೀಟು ಹಾಕಿ ಕೊಟ್ಟಿದ್ದಾರೆ.

ಪಚ್ಚಿಲೆ ತಿನ್ನುವವರಿಗೆ ಗೊತ್ತು
ಚಿಪ್ಪಿನ ಸಂದಿಯಿಂದ ಇಣುಕುವ ಕಂದು ಗಡ್ಡ.
ಅದನ್ನು ಕಿತ್ತು ಬಿಸಾಡಿ
ಆಮೇಲೆ ತಾನೇ ಸುಕ್ಕಕ್ಕೆ ತೆಂಗಿನಕಾಯಿ ಹುರಿಯುವುದು.
ಅಮ್ಮ ಬಿಸಾಡಿದ್ದನ್ನೇ ನಾನು
ಕೊಣಾಜೆ ಗುಡ್ಡದ ಮೇಲೆ ಐದು ವರ್ಷ ಹೆಕ್ಕಿದೆ.
ಆ ನೂಲಿನ ತುದಿಯಲ್ಲಿ
ಒದ್ದೆಯಲ್ಲೇ ಕಚ್ಚುವ ಅಂಟು ಉಂಟು,
ಒಣಗುವುದನ್ನು ಕಾಯದ ಅಂಟು.

ಉಂಟು ಎಂದು ಪುಸ್ತಕ ಹೇಳಿತ್ತು.
ಎರಡು ವರ್ಷ ನನ್ನ ಗಾಜಿನ ತುಂಡುಗಳು
ಬಕೆಟಿನ ನೀರಲ್ಲಿ
ಮುನಿಸಿಕೊಂಡ ನಾದಿನಿಯರ ಹಾಗೆ ಬೇರೆ ಬೇರೆ ಮಲಗಿದವು.

ಕೋಟೆಪುರದ ಪುತ್ತುಮೋನು, ಬುಟ್ಟಿಗೆ ಇನ್ನೂರು.
ಅಳಿವೆಬಾಗಿಲ ಕಲ್ಲುಗಳ ಬುಡಕ್ಕೆ ಮುಳುಗಿ
ಕೆಂಪು ಕಣ್ಣಲ್ಲಿ ಏಳುವ ಮನುಷ್ಯ.
ಒಂದು ದಿನ ನನ್ನ ಚೀಲ ನೋಡಿ ನಕ್ಕ:
"ಇದು ಹೊಳೆ ಬದಿಯದ್ದು ಮೇಡಂ, ಕೈಯಲ್ಲೇ ಬರುತ್ತದೆ.
ಕಡಲು ಬದಿಯದ್ದಕ್ಕೆ ಕಬ್ಬಿಣ ಬೇಕು.
ಪೆಟ್ಟು ತಿಂದದ್ದು ಬಿಡುವುದಿಲ್ಲ."

ಅಷ್ಟೇ ಹೇಳಿದ್ದು. ಬೀಡಿ ಹೊತ್ತಿಸಿದ.

ಕಡಲು ಬದಿಯ ಗಡ್ಡ ಬಂದ ಹದಿನೇಳನೆಯ ದಿನ
ಎರಡು ಗಾಜು ನೀರೊಳಗೆ ಒಂದಾದವು.
ಹಿಲ್ಡಾ ಲಸ್ರಾದೊ ಮೇಡಂ ಲ್ಯಾಬಿಗೆಲ್ಲ ಗೋಳಿಬಜೆ ತರಿಸಿದರು,
"ಗಾಯ ಹೊಲಿಯುವ ಸೂಜಿಗೆ ಇನ್ನು ರಜೆ" ಎಂದರು.
ಅವರ ಅಪ್ಪನ ಪಾದದ ಸಕ್ಕರೆ ಗಾಯ
ಕೊನೆಗೂ ಬಾಯಿ ಮುಚ್ಚಲಿಲ್ಲವೆಂದು ನಮಗೆ ಗೊತ್ತಿತ್ತು.
ಆಮೇಲೆ ಮೆಲ್ಲಗೆ: "ಯಾರ ಹತ್ತಿರವೂ ಹೇಳಬೇಡ,
ಅರ್ಜಿ ಹಾಕುವವರೆಗೆ."
ಗಡ್ಡ ಎಂಥಕ್ಕೆ ಎಂದು ಪುತ್ತುಮೋನು ಕೇಳಿದಾಗ
"ಪರೀಕ್ಷೆಗೆ" ಎಂದೆ.
ಸುಳ್ಳಲ್ಲ. ಪೂರ್ತಿಯಲ್ಲ.

ಬೈಕಂಪಾಡಿಯಿಂದ ಪೇಂಟ್ ಕಂಪನಿಯ ಕುಡ್ವರು ಬಂದರು,
ಬೆರಳಲ್ಲಿ ಗಾಜು ತಿರುಚಿದರು, ಬಿಡಲಿಲ್ಲ, ಕೂತರು.
"ಗಾಯಕ್ಕಾದರೆ ಇಲಿ, ಮೊಲ, ಆಮೇಲೆ ಮನುಷ್ಯ,
ಒಂಬತ್ತು ವರ್ಷ. ಅಷ್ಟರಲ್ಲಿ ನಾನೇ ಇರುವುದಿಲ್ಲ.
ದೋಣಿಯ ತೂತಿಗಾದರೆ ಬರುವ ಅಷ್ಟಮಿಗೆ ಅಂಗಡಿಯಲ್ಲಿ.
ದೋಣಿ ಕೋರ್ಟಿಗೆ ಹೋಗುವುದಿಲ್ಲ ನೋಡಿ."
ಹೆಸರೂ ಅವರೇ ಇಟ್ಟರು: ಪಟ್ಟು.
ಒಪ್ಪಂದದ ಹನ್ನೊಂದು ಪುಟಕ್ಕೂ ಮೇಡಂ ಸಹಿ ಹಾಕಿದರು,
ಏಳನೆಯದರಲ್ಲಿ ಮಾತ್ರ
ಪೆನ್ನು ಸ್ವಲ್ಪ ಹೊತ್ತು ಊರಿ ನಿಂತು
ಶಾಯಿ ಹುಂಡಾಯಿತು.

ಮೊದಲ ಟ್ಯೂಬು ನಾನು ಕೋಟೆಪುರಕ್ಕೆ ಒಯ್ದೆ.
ಸೊಂಟದವರೆಗೆ ನೀರಲ್ಲಿ ನಿಂತು
ದೋಣಿಯ ಹೊಟ್ಟೆಗೆ ಹಚ್ಚಿ, ಹೆಬ್ಬೆರಳೊತ್ತಿ,
ನೂರರವರೆಗೆ ಎಣಿಸಿದ.
ಜಿನುಗು ನಿಂತಿತು.
"ಎಷ್ಟು?"
"ಮುನ್ನೂರೈವತ್ತು."
"ಡಾಂಬರು ನಲವತ್ತಕ್ಕೆ ಸಿಗುತ್ತದೆ."

ಟ್ಯೂಬಿನ ಮೂತಿ ಒರೆಸಿ ವಾಪಸು ಕೊಡುತ್ತಾ ಕೇಳಿದ:
"ಬೇಡವಾದರೆ ತೆಗೆಯಲಿಕ್ಕೆ ಬರುತ್ತದಾ?"
ಇಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದೆ.
"ಪಚ್ಚಿಲೆಗೆ ಬರುತ್ತದೆ ಮೇಡಂ.
ಜಾಗ ಸರಿಯಿಲ್ಲದಿದ್ದರೆ ಗಡ್ಡ ಅಲ್ಲೇ ಬಿಟ್ಟು
ಬೇರೆ ಕಲ್ಲಿಗೆ ಹೋಗುತ್ತದೆ.
ನೀವು ನೋಡಲಿಲ್ಲವಾ?"

ತೊಕ್ಕೊಟ್ಟಿನಿಂದ ಬಸ್ಸು ಗುಡ್ಡ ಹತ್ತುವವರೆಗೂ
ನನ್ನ ಬಾಯಿ ಕಟ್ಟಿಯೇ ಇತ್ತು.

"ಹೇಳಿದವರನ್ನು ಬರೆಯುವ ಹಾಗಿಲ್ಲ,
ಮಾಡಿದವರನ್ನು ಮಾತ್ರ," ಎಂದರು ಪುಷ್ಪಲತಾ ಮೇಡಂ ಫೋನಿನಲ್ಲಿ.
"ಬೇಕಾದರೆ ಕೃತಜ್ಞತೆಗೆ ಬೇರೆ ಪುಟ ಉಂಟು.
ಅದರಲ್ಲಿ ಶೇಕಡಾ ಇಲ್ಲ."

ಹಿಲ್ಡಾ ಲಸ್ರಾದೊ, ಐವತ್ತೈದು.
ನಾನು, ನಲವತ್ತು.
ಕೂಡಿದರೆ ತೊಂಬತ್ತೈದು.
ನೂರೊಂದಾದರೆ ವಾಪಸು ಎಂದಿದ್ದಾರೆ,
ಕಡಿಮೆಯಾದರೆ ಏನೆಂದು ಹೇಳಿಲ್ಲ.
ಫಾರ್ಮು ಹಾರದಂತೆ ಅದರ ಮೇಲೆ
ಆ ಜೋಡಿ ಗಾಜು ಇಟ್ಟು
ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ:
ಅದು ಹೇಗೆ ಬಿಡುತ್ತದೆ?